ಐದು ದಿನ, ನಾಲ್ಕು ರೂಮು, ಒಂದು ಜಗಳ

ಶಿವಮೊಗ್ಗದ ನನ್ನ ಪುಟ್ಟ ಕೋಣೆಗೆ ಆಪ್ತಸಮಾಲೋಚನೆಗೆಂದು ಬರುವ ದಂಪತಿಗಳು ಸಾಮಾನ್ಯವಾಗಿ ದುಡ್ಡು, ಕುಡಿತ, ಫೋನು, ಅತ್ತೆ-ಮಾವ ಎಂದು ಮಾತು ಶುರು ಮಾಡುತ್ತಾರೆ. ಇವರು ಶುರು ಮಾಡಿದ್ದು ಸೂಟ್‌ಕೇಸಿನಿಂದ.

"ಇನ್ನು ಮೇಲೆ ಇವರ ಜೊತೆ ಎಲ್ಲಿಗೂ ಬರಲ್ಲ ಮೇಡಂ. ಬೇಕಾದರೆ ಚೀಲ ಕಟ್ಟೋಕೆ ಒಬ್ಬ ಆಳು ಇಟ್ಟುಕೊಂಡು ಹೋಗಲಿ" ಅಂದರು ಹೆಂಡತಿ. ಗಂಡ ಕಿಟಕಿಯ ಕಡೆ ನೋಡುತ್ತಾ ಕೂತಿದ್ದರು.

ಇಬ್ಬರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಹತ್ತುವ ವಿವರಗಳನ್ನು ಬದಲಿಸಿದ್ದೇನೆ. ಊರು, ರಸ್ತೆಗಳನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ. ಅವನ್ನು ಬದಲಿಸಿದರೆ ಈ ಜಗಳ ಅರ್ಥವೇ ಆಗುವುದಿಲ್ಲ.

ಬೆಂಗಳೂರಿನಲ್ಲಿ ವಾಸ, ಇಬ್ಬರಿಗೂ ಕೆಲಸ, ಏಳು ವರ್ಷದ ಮಗಳು. ಗಂಡನ ತಾಯಿ ಜೊತೆಗಿದ್ದಾರೆ. ವಯಸ್ಸು ಎಪ್ಪತ್ತರ ಹತ್ತಿರ, ಮಂಡಿನೋವು. ಹೆಂಡತಿಯ ತವರು ಶಿವಮೊಗ್ಗ. ಆಗಸ್ಟ್‌ನಲ್ಲಿ ನಾಲ್ವರೂ ಕಾರಿನಲ್ಲಿ ಮಲೆನಾಡು ಸುತ್ತಿದ್ದರು. ಐದು ದಿನ, ನಾಲ್ಕು ರಾತ್ರಿ. ಮೊದಲನೆಯದು ಶಿವಮೊಗ್ಗ, ಎರಡನೆಯದು ಸಾಗರ, ಮೂರನೆಯದು ಕೊಲ್ಲೂರು, ನಾಲ್ಕನೆಯದು ಶೃಂಗೇರಿ. ವಾಪಸ್ ಬಂದ ಮೇಲೆ ಮನೆಯಲ್ಲಿ ಮಾತು ನಿಂತಿತು. ಗೌರಿ ಹಬ್ಬಕ್ಕೆ ತವರಿಗೆ ಬಂದಾಗ ಅಕ್ಕನಿಗೆ ವಿಷಯ ಗೊತ್ತಾಗಿ ಇಬ್ಬರನ್ನೂ ನನ್ನ ಹತ್ತಿರ ಕಳಿಸಿದರು.

ಸಿಟ್ಟು ಒಡೆದದ್ದು ಜೋಗದಲ್ಲಂತೆ. ಮಳೆಗಾಲದ ಜೋಗ ನೋಡಿದವರಿಗೆ ಇದು ಗೊತ್ತು. ನೀರು ಧಾರಾಳವಾಗಿರುವಾಗಲೇ ಮಂಜೂ ಧಾರಾಳ. ಎದುರಿಗೆ 253 ಮೀಟರ್ ಎತ್ತರದಿಂದ ನೀರು ಬೀಳುವ ಸದ್ದು ಕೇಳುತ್ತದೆ, ಕಾಣುವುದು ಬರೀ ಬಿಳಿ. ಕಾಯಬೇಕು. ಕಾದರೆ ಒಮ್ಮೆ ಗಾಳಿ ಬೀಸಿ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಎರಡು ನಿಮಿಷ ಕಾಣಿಸಿಕೊಂಡು ಮತ್ತೆ ಮುಚ್ಚಿಕೊಳ್ಳುತ್ತವೆ. ಇವರು ಮುಕ್ಕಾಲು ಗಂಟೆ ನಿಂತರು. ಸಂಜೆಯೊಳಗೆ ಕೊಲ್ಲೂರು ಸೇರಬೇಕಿತ್ತು, ರೂಮು ಬುಕ್ ಆಗಿತ್ತು. ಗಂಡ ಹೊರಡಿಸಿದರು. ದಾರಿಯಲ್ಲಿ ಚಹಾಕ್ಕೆ ನಿಂತಾಗ ಹಿಂದಿನಿಂದ ಬಂದ ಕಾರಿನವರು ಫೋನಿನಲ್ಲಿ ಜಲಪಾತದ ವಿಡಿಯೋ ನೋಡುತ್ತಿದ್ದರು. ಆಗ ತಾನೇ ತೆಗೆದದ್ದು. ಕೊಲ್ಲೂರು ಬರುವವರೆಗೆ ಹೆಂಡತಿ ಬಾಯಿ ಬಿಡಲಿಲ್ಲ.

ಮೊದಲ ಭೇಟಿಯಲ್ಲಿ ನಾನೊಂದು ತಪ್ಪು ಮಾಡಿದೆ. ಮನಸ್ಸಿನಲ್ಲೇ ಹೆಂಡತಿಯ ಪಕ್ಷ ಸೇರಿಬಿಟ್ಟೆ. ಚೀಲ ಕಟ್ಟುವುದು ನನಗೂ ಆಗದ ಕೆಲಸ. ಅವರು ಹೇಳಿದ್ದನ್ನು ಕೇಳಿ: ಪ್ರತಿದಿನ ಹನ್ನೊಂದಕ್ಕೆ ಚೆಕ್‌ಔಟ್. ಅದಕ್ಕೂ ಮುಂಚೆ ಮಗಳ ಸ್ನಾನ, ಅತ್ತೆಯ ಮಾತ್ರೆ ಡಬ್ಬಿ, ಬಿಸಿನೀರಿನ ಚೀಲ, ನಾಲ್ಕು ಫೋನಿನ ಚಾರ್ಜರ್. ಆಗಸ್ಟ್‌ನ ಮಲೆನಾಡಿನಲ್ಲಿ ಒಗೆದ ಬಟ್ಟೆ ಒಂದು ರಾತ್ರಿಗೆ ಒಣಗುವ ಮಾತೇ ಇಲ್ಲ. ಒದ್ದೆ ಬಟ್ಟೆ ಪ್ಲಾಸ್ಟಿಕ್ ಕವರಿಗೆ, ಕವರು ಡಿಕ್ಕಿಗೆ. ಮೂರನೇ ದಿನ ಇಡೀ ಕಾರು ಮುಗ್ಗಲು ವಾಸನೆ. "ನಾನು ಮಲೆನಾಡು ನೋಡಲೇ ಇಲ್ಲ ಮೇಡಂ, ಜಿಪ್ ನೋಡಿದೆ" ಅಂದರು. ನಗು ಬಂತು, ತಡೆದುಕೊಂಡೆ.

ಅವರ ಪ್ರಕಾರ ಪರಿಹಾರ ಸುಲಭ. ಶಿವಮೊಗ್ಗದಲ್ಲಿ ಒಂದೇ ಹೋಟೆಲು. ಅಲ್ಲಿಂದಲೇ ದಿನಕ್ಕೊಂದು ದಿಕ್ಕು, ರಾತ್ರಿ ವಾಪಸ್. ತವರಲ್ಲೇ ಇರಬಹುದಲ್ಲ ಎಂದೆ. "ತವರಲ್ಲಿ ಐದು ದಿನ ಇದ್ದರೆ ಅದು ಪ್ರವಾಸ ಅಲ್ಲ, ಅಡುಗೆಮನೆ."

ಎರಡನೇ ಭೇಟಿಯಲ್ಲಿ ಇಬ್ಬರಿಗೂ ಒಂದೊಂದು ಹಾಳೆ ಕೊಟ್ಟೆ. ಆ ಪ್ರವಾಸದ ಮೂರನೇ ದಿನವನ್ನು ಬೆಳಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಗಂಟೆ ಗಂಟೆಯಾಗಿ ಬರೆಯಿರಿ, 'ಸುಮ್ನೆ ಕೂತಿದ್ದೆ' ಅನ್ನಿಸಿದ ಹೊತ್ತಿಗೆ ಗೆರೆ ಎಳೆಯಿರಿ ಎಂದೆ. ಹೆಂಡತಿಯ ಹಾಳೆಯಲ್ಲಿ ಎರಡು ಚಿಕ್ಕ ಗೆರೆಗಳಿದ್ದವು. ಗಂಡನ ಹಾಳೆಯಲ್ಲಿ ಒಂದೂ ಇರಲಿಲ್ಲ.

ಅದನ್ನು ನಾನು ನಿರೀಕ್ಷಿಸಿರಲಿಲ್ಲ, ಹೆಂಡತಿಯೂ ನಿರೀಕ್ಷಿಸಿರಲಿಲ್ಲ. ಮನೆಯಲ್ಲಿ ಕಾರು ಓಡಿಸಲು ಬರುವುದು ಅವರೊಬ್ಬರಿಗೇ. ಜೋಗದಲ್ಲಿ ನಿಂತಿದ್ದ ಮುಕ್ಕಾಲು ಗಂಟೆಯೂ ಅವರಿಗೆ ಸುಮ್ನೆ ಕೂತ ಹೊತ್ತಲ್ಲ. ಕತ್ತಲಾದ ಮೇಲೆ ಗೊತ್ತಿಲ್ಲದ ಕಾಡುದಾರಿಯಲ್ಲಿ ಮಂಜು ಕವಿದರೆ ಏನು ಗತಿ ಎಂದು ಲೆಕ್ಕ ಹಾಕುತ್ತಿದ್ದರು. ಮರುದಿನ ಆಗುಂಬೆ ಘಾಟಿಯ 14 ತಿರುವು ಹತ್ತುವಾಗ ಮಗಳು ಎರಡು ಸಲ ವಾಂತಿ ಮಾಡಿಕೊಂಡಳು. ಹೆಂಡತಿ ಒರೆಸಿದರು, ಇವರು ಹಿಂದಿನ ವಾಹನದ ಹಾರ್ನ್ ಕೇಳುತ್ತಾ ಮುಂದಿನ ಬಸ್ಸಿಗೆ ದಾರಿ ಬಿಟ್ಟರು. ಇಬ್ಬರಿಗೂ ಕೆಲಸ. ಒಬ್ಬರ ಕೆಲಸ ಇನ್ನೊಬ್ಬರ ಬೆನ್ನ ಹಿಂದೆ.

ಆಮೇಲೆ ಶಿವಮೊಗ್ಗದ 'ಒಂದೇ ಹೋಟೆಲ್' ಯೋಜನೆಯನ್ನು ಅದೇ ಹಾಳೆಯ ಹಿಂಬದಿಗೆ ಬರೆದೆವು. ಜೋಗಕ್ಕೆ ಹೋಗಿ ಬರಲು 200 ಕಿ.ಮೀ. ಸಿಗಂದೂರಿಗೂ ಹೆಚ್ಚು ಕಡಿಮೆ ಅಷ್ಟೇ. ಆಗುಂಬೆಗೆ ಹೋಗಿ ಬರಲು 180ಕ್ಕೂ ಜಾಸ್ತಿ. ಮಲೆನಾಡಿನಲ್ಲಿ ಕಿಲೋಮೀಟರ್ ನಂಬಬಾರದು, ಗಂಟೆ ಎಣಿಸಬೇಕು. ಆಗುಂಬೆಯ ಸೂರ್ಯಾಸ್ತ ಐದು ನಿಮಿಷದ್ದು. ಅದು ಮುಗಿಯುವುದೇ ಕತ್ತಲಾದಾಗ. ಅಲ್ಲಿಂದ ತೀರ್ಥಹಳ್ಳಿ, ಮಂಡಗದ್ದೆ ದಾಟಿ ಶಿವಮೊಗ್ಗ ಮುಟ್ಟಲು ಎರಡು ಎರಡೂವರೆ ಗಂಟೆ. ಚೀಲ ಬಿಚ್ಚುವ ಕಷ್ಟ ತಪ್ಪಿತು ಅನ್ನಿ. ಅದು ಹೋಗಿ ಕೂತದ್ದು ಸ್ಟಿಯರಿಂಗ್ ಮೇಲೆ.

ಹೆಂಡತಿ ಹಾಳೆ ನೋಡಿ ಹೇಳಿದರು: "ಇಷ್ಟು ಓಡಿಸಬೇಕು ಅಂತ ಇವರು ಒಂದು ದಿನಾನೂ ಹೇಳಿಲ್ಲ."

"ನೀನು ಕೇಳಿಲ್ಲ" ಅಂದರು ಗಂಡ. ಆಮೇಲೆ ತಾವೇ ಮೆತ್ತಗಾಗಿ, ಚಿಕ್ಕಂದಿನಲ್ಲಿ ಅಪ್ಪ ಒಂದು ಕಡೆಗೂ ಕರೆದುಕೊಂಡು ಹೋಗಿರಲಿಲ್ಲ, ಅದಕ್ಕೇ ಮಗಳಿಗೆ ಒಂದೂ ತಪ್ಪಿಸಬಾರದು ಅಂತ ಇತ್ತು ಎಂದರು. ಈ ಎಳೆಯನ್ನು ನಾನು ಜಾಸ್ತಿ ಎಳೆಯಲಿಲ್ಲ. ನನ್ನ ಕೆಲವು ಸಹೋದ್ಯೋಗಿಗಳು ಇಲ್ಲೇ ಮೂರು ಭೇಟಿ ಕಳೆಯುತ್ತಿದ್ದರೇನೋ. ನನಗೆ ಆಗ ಬೇರೆ ಪ್ರಶ್ನೆ ಕಾಡುತ್ತಿತ್ತು. ಕಾರಿನಲ್ಲಿದ್ದವರು ನಾಲ್ವರು. ಮೂವರ ಕಥೆ ಕೇಳಿದ್ದೆ. ಅತ್ತೆಗೆ ಏನು ಬೇಕಿತ್ತು?

ಇಬ್ಬರೂ ಮುಖ ಮುಖ ನೋಡಿಕೊಂಡರು. "ಅಮ್ಮನಿಗೆ ಎಲ್ಲಿಗಾದರೂ ಆಗುತ್ತೆ" ಅಂದರು ಗಂಡ. ಮುಂದಿನ ಸಲ ಅವರನ್ನೂ ಕರೆತನ್ನಿ ಎಂದೆ.

ಅವರು ಬಂದು ಕೂತು ಸ್ವಲ್ಪ ಹೊತ್ತು ನನ್ನ ಊರು, ಮನೆ ವಿಚಾರಿಸಿದರು. ಪ್ರವಾಸ ಹೇಗಿತ್ತಮ್ಮ ಎಂದೆ. "ಚೆನ್ನಾಗಿತ್ತು" ಅಂದರು. ಎಲ್ಲಿ ಇನ್ನೂ ಸ್ವಲ್ಪ ಹೊತ್ತು ಇರಬೇಕಿತ್ತು ಅನ್ನಿಸಿತು ಎಂದೆ. ಮಗನ ಮುಖ ಒಮ್ಮೆ ನೋಡಿ, "ಆ ಹೊಸ ಸೇತುವೆ ಹತ್ತಿರ" ಅಂದರು.

2025ರ ಜುಲೈನಲ್ಲಿ ಅಂಬಾರಗೋಡ್ಲು-ಕಳಸವಳ್ಳಿ ನಡುವೆ ಸೇತುವೆ ಶುರುವಾಯಿತಲ್ಲ, ಸಿಗಂದೂರಿಗೆ ಲಾಂಚ್ ಕಾಯುವ ಕಾಲ ಮುಗಿಯಿತಲ್ಲ, ಅದು. ಇವರು ಕೊಲ್ಲೂರಿಗೆ ಹೋಗಿದ್ದು ಅದೇ ದಾರಿಯಲ್ಲಿ. ಅತ್ತೆಯ ತವರು ಶರಾವತಿ ಹಿನ್ನೀರಿನ ಕೆಳಗಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಅವರು ಮೊಮ್ಮಗಳಷ್ಟೇ ಚಿಕ್ಕವರು. ನಮ್ಮ ಕಡೆ ಇದಕ್ಕೆ ಒಂದೇ ಪದ, ಮುಳುಗಡೆ. ಸೇತುವೆ ದಾಟಿದ ಮೇಲೆ ಎಲ್ಲಾದರೂ ನಿಲ್ಲಿಸು ಎಂದು ಮಗನಿಗೆ ಹೇಳಿದ್ದರಂತೆ. ವಾಪಸ್ ಬರುವಾಗ ನಿಲ್ಲಿಸೋಣಮ್ಮ, ಈಗ ಹೊತ್ತಾಯ್ತು ಅಂದರಂತೆ ಮಗ. ವಾಪಸ್ ಬಂದದ್ದು ಶೃಂಗೇರಿ ದಾರಿಯಲ್ಲಿ.

ಮಗನಿಗೆ ಅದು ನೆನಪೇ ಇರಲಿಲ್ಲ. ನಾನೂ ಸ್ವಲ್ಪ ಹೊತ್ತು ಏನೂ ಕೇಳಲಿಲ್ಲ.

ಈ ಕುಟುಂಬಕ್ಕೆ ನಾನು ಕೊಟ್ಟ ಸಲಹೆ ಒಂದೂ ಅಲ್ಲ, ನಾಲ್ಕೂ ಅಲ್ಲ, ಎರಡು ನೆಲೆ. ತೀರ್ಥಹಳ್ಳಿಯಲ್ಲಿ ಎರಡು ರಾತ್ರಿ, ಸಾಗರದಲ್ಲಿ ಎರಡು ರಾತ್ರಿ. ಬೆಂಗಳೂರಿನಿಂದ ಬಂದ ಮೊದಲ ರಾತ್ರಿ ತವರಲ್ಲಿ ಊಟ ಮಾಡಿ ಮಲಗುವುದಷ್ಟೇ. ಒಂದು ಪುಟ್ಟ ಚೀಲ ಒಳಗೆ, ದೊಡ್ಡವು ಕಾರಿನಲ್ಲೇ. ಒಂದೇ ರಾತ್ರಿಗಾಗಿ ಎಲ್ಲೂ ದೊಡ್ಡ ಚೀಲ ಬಿಚ್ಚುವ ಹಾಗಿಲ್ಲ ಎಂಬುದು ಮೊದಲ ಒಪ್ಪಂದ. ಕಾರು ಬೆಳಗ್ಗೆ ಎಷ್ಟು ಹೊತ್ತಿಗಾದರೂ ಹೊರಡಲಿ, ಕತ್ತಲಾಗುವ ಮೊದಲು ನೆಲೆ ಸೇರಬೇಕು ಎಂಬುದು ಎರಡನೆಯದು. ಆಗುಂಬೆಯ ಸೂರ್ಯಾಸ್ತಕ್ಕೆ ಮಾತ್ರ ವಿನಾಯಿತಿ. ಅಲ್ಲಿಂದ ತೀರ್ಥಹಳ್ಳಿಗೆ 30 ಕಿ.ಮೀ. ಚಿಲ್ಲರೆ, ಒಂದು ಗಂಟೆಯ ದಾರಿ.

ಎರಡು ರಾತ್ರಿ ಒಂದೇ ಕಡೆ ಇರುವುದರ ದೊಡ್ಡ ಲಾಭ ಚೀಲದ್ದಲ್ಲ. ಎಲ್ಲರೂ ಎಲ್ಲಾ ಕಡೆ ಹೋಗಬೇಕಾಗಿಲ್ಲ! ದಿನಾ ಹೋಟೆಲ್ ಬದಲಿಸಿದರೆ ಮಂಡಿನೋವಿನವರೂ ನಿದ್ದೆಗಣ್ಣಿನ ಮಗುವೂ ಕಾರು ಹತ್ತಲೇಬೇಕು. ನೆಲೆ ಇದ್ದರೆ ಗಂಡ ಬೆಳಗ್ಗೆ ಎದ್ದು ಒಬ್ಬರೇ ಕವಲೇದುರ್ಗದ ಕೋಟೆ ಹತ್ತಿ ಬರಬಹುದು. ಅಷ್ಟರಲ್ಲಿ ಉಳಿದವರು ಎದ್ದು ಕಡುಬು ತಿಂದು ಮುಗಿಸಿರುತ್ತಾರೆ. ಕುಪ್ಪಳಿಯ ಕವಿಮನೆಗೆ ನಾಲ್ವರೂ ಹೋಗಬಹುದು. ಸಾಗರದಿಂದ ಜೋಗಕ್ಕೆ 30 ಕಿ.ಮೀ., ಮಂಜು ಸರಿಯುವವರೆಗೆ ಕಾಯಬಹುದು, ಸರಿಯದಿದ್ದರೆ ಮರುದಿನ ಮತ್ತೆ ಹೋಗಬಹುದು. ಇಕ್ಕೇರಿ, ಕೆಳದಿ ಊರಿನ ಮಗ್ಗುಲಲ್ಲೇ ಇವೆ.

ನೆಲೆ ಬದಲಿಸುವ ದಿನವನ್ನು ಅದಕ್ಕೇ ಬಿಡಿ ಎಂದೆ. ತೀರ್ಥಹಳ್ಳಿಯಿಂದ ನಗರ (ಹಿಂದಿನ ಬಿದನೂರು), ಹೊಸನಗರ ಮಾರ್ಗವಾಗಿ ಸಾಗರ. ದಾರಿಯಲ್ಲೇ ನಗರದ ಕೋಟೆ, ಅದೊಂದೇ ಸಾಕು. ಆಗ ಗಂಡ, "ಕೆಳದಿ ನಾಯಕರೂ ಕೆಳದಿ ಬಿಟ್ಟು ಇಕ್ಕೇರಿ, ಇಕ್ಕೇರಿ ಬಿಟ್ಟು ಬಿದನೂರು ಅಂತ ರಾಜಧಾನಿ ಬದಲಿಸಿದವರೇ" ಅಂದರು. "ಅವರ ಚೀಲ ಯಾರು ಕಟ್ಟಿದರೋ" ಅಂದರು ಹೆಂಡತಿ. ಆ ಕೋಣೆಯಲ್ಲಿ ಇಬ್ಬರೂ ಒಟ್ಟಿಗೆ ನಕ್ಕಿದ್ದು ಅದೇ ಮೊದಲು.

ಚೀಲದ ವಿಷಯಕ್ಕೆ ನನ್ನದು ಕಟ್ಟುನಿಟ್ಟಿನ ಸಲಹೆ. ರೂಮು ಬುಕ್ ಮಾಡುವವರೇ ಚೀಲ ಕಟ್ಟಬೇಕು. ಬೆರಳ ತುದಿಯಲ್ಲಿ ನಾಲ್ಕು ಊರು ಬುಕ್ ಮಾಡುವುದು ಸುಲಭ. ನಾಲ್ಕು ಸಲ ಅಮ್ಮನ ಮಾತ್ರೆ ಡಬ್ಬಿ ಹುಡುಕಿದರೆ ಮುಂದಿನ ಸಲ ಬೆರಳು ತಾನೇ ನಿಲ್ಲುತ್ತದೆ. ಹೋಂಸ್ಟೇ ಆದರೆ ಫೋಟೋ ನೋಡಿ ಮರುಳಾಗಬೇಡಿ, ಫೋನ್ ಮಾಡಿ ಕೇಳಿ ಎಂದೆ: ಮುಖ್ಯರಸ್ತೆಯಿಂದ ಎಷ್ಟು ಒಳಗೆ, ಕೊನೆಯ ದಾರಿ ಮಣ್ಣಿನದೋ ಡಾಂಬರೋ, ನೆಲಮಹಡಿಯಲ್ಲಿ ರೂಮು ಇದೆಯೋ, ಕಮೋಡ್ ಇದೆಯೋ, ಸಿಗ್ನಲ್ ಸಿಗುತ್ತದೆಯೋ, ರಾತ್ರಿ ಊಟಕ್ಕೆ ಎಷ್ಟು ಹೊತ್ತಿಗೆ ಮುಂಚೆ ಹೇಳಬೇಕು. ಕಾಡಿನ ನಡುವೆ ಇರುವ ಮನೆಯಲ್ಲಿ ಒಂಬತ್ತಕ್ಕೆ ಹೋಗಿ ಅನ್ನ ಕೇಳಿದರೆ ಅವರು ತಾನೇ ಏನು ಮಾಡಿಯಾರು.

ಇದು ಎಲ್ಲರಿಗೂ ಹೊಂದುವ ಲೆಕ್ಕವಲ್ಲ. ಇಬ್ಬರಿಗೂ ಗಾಡಿ ಓಡಿಸಲು ಬರುತ್ತದೆ, ಬೆನ್ನಿಗೊಂದು ಚೀಲ ಸಾಕು ಎನ್ನುವ ಜೋಡಿಗಳು ದಿನಕ್ಕೊಂದು ಊರು ಅಂತ ಶೃಂಗೇರಿ, ಹೊರನಾಡು, ಕಳಸ ಎಂದು ಹೋಗುತ್ತಲೇ ಇರಬಹುದು, ಅದರ ಖುಷಿಯೇ ಬೇರೆ. ಜೋರು ಮಳೆಗಾಲದಲ್ಲಾದರೆ ನಾನಂತೂ ಯಾರಿಗೇ ಆದರೂ ಒಂದೇ ನೆಲೆ ಎನ್ನುತ್ತೇನೆ. ಬಟ್ಟೆ ಒಣಗಲಿಕ್ಕಾದರೂ ಜಾಗ ಬೇಕಲ್ವಾ.

ಡಿಸೆಂಬರ್‌ನಲ್ಲಿ ಹೋಗಿ ಬಂದರು. ನಾಲ್ಕನೇ ಭೇಟಿಗೆ ಮೂವರೂ ಬಂದು ವರದಿ ಒಪ್ಪಿಸಿದರು. ಶಿವಮೊಗ್ಗದಿಂದ ಹೊರಟ ಬೆಳಗ್ಗೆ ಸಕ್ರೆಬೈಲಿನಲ್ಲಿ ಆನೆಗಳ ಸ್ನಾನ ನೋಡಿ ಮಗಳು ಅಲ್ಲಿಂದ ಏಳಲೇ ಇಲ್ಲವಂತೆ. ಆಗುಂಬೆಯಲ್ಲಿ ಮೋಡ, ಸೂರ್ಯ ಕಾಣಲಿಲ್ಲ. ತೀರ್ಥಹಳ್ಳಿಯ ರೂಮಿನ ಕೆಳಗೆ ಮದುವೆ ಮನೆಯ ಮೈಕು, ಒಂದು ರಾತ್ರಿ ನಿದ್ದೆ ಇಲ್ಲ. ಜೋಗದಲ್ಲಿ ಮಂಜು ಇರಲಿಲ್ಲ, ನೀರೂ ಅಷ್ಟಕ್ಕಷ್ಟೇ. ಗಂಡ ಚೀಲ ಕಟ್ಟಿದ್ದರಿಂದ ಮಗಳ ಸ್ವೆಟರ್ ತವರಲ್ಲೇ ಉಳಿಯಿತು, ಸಾಗರದಲ್ಲಿ ಹೊಸದು ಕೊಂಡರು.

ಸಾಗರದಲ್ಲಿ ಎರಡನೇ ದಿನ ಇಡೀ ಅತ್ತೆಗೆ ಬಿಟ್ಟಿದ್ದರು. ಕಳಸವಳ್ಳಿ ಕಡೆಯ ದಡದಲ್ಲಿ ಮಧ್ಯಾಹ್ನದವರೆಗೆ ಕೂತರಂತೆ. ಡಿಸೆಂಬರ್‌ನಲ್ಲಿ ನೀರು ಇನ್ನೂ ತುಂಬಿರುತ್ತದೆ, ಕಾಣುವಂಥದ್ದು ಏನೂ ಇಲ್ಲ. ಅವರು ಮೊಮ್ಮಗಳಿಗೆ ಅಲ್ಲಿ ಗದ್ದೆ, ಇಲ್ಲಿ ನಮ್ಮನೆ, ಅಗೋ ಅಲ್ಲಿ ಶಾಲೆಗೆ ಹೋಗುವ ದಾರಿ ಎಂದು ಬರೀ ನೀರಿನ ಕಡೆ ಕೈ ತೋರಿಸಿ ಹೇಳಿದರಂತೆ. "ಅಜ್ಜಿ, ನಂಗೆ ಕಾಣ್ತಾ ಇಲ್ಲ" ಅಂದಳಂತೆ ಮಗಳು. ಬೇಸಿಗೆಯಲ್ಲಿ ನೀರು ಇಳಿಯುತ್ತೆ, ಆಗ ಬರೋಣ ಅಂದರಂತೆ ಅಜ್ಜಿ.

ಮೇ ತಿಂಗಳಿಗೆ ಸಾಗರದಲ್ಲಿ ಒಂದೇ ರೂಮು, ಮೂರು ರಾತ್ರಿ. ಈ ಸಲ ಬುಕ್ ಮಾಡಿದ್ದು ಹೆಂಡತಿ. ಹೊರಡುವಾಗ ಬಾಗಿಲಲ್ಲಿ ತಿರುಗಿ, "ಹಂಗಾದ್ರೆ ಚೀಲ ಮತ್ತೆ ನಾನೇ ಕಟ್ಟಬೇಕಾ ಮೇಡಂ?" ಎಂದು ಕೇಳಿದರು. ಗಂಡ ಆಗಲೇ ಮೆಟ್ಟಿಲಿಳಿದು, ಅಮ್ಮನ ಕೈ ಹಿಡಿದು ನಿಂತಿದ್ದರು.