ರಿಪೋರ್ಟ್ ನಾರ್ಮಲ್ ಬಂತು, ಇನ್ನು ಮಾತ್ರೆ ಯಾಕೆ?

ದಾವಣಗೆರೆಯ ಓದುಗರೊಬ್ಬರ ಪತ್ರ: “ಅಪ್ಪನಿಗೆ 61 ವರ್ಷ. ಹೋದ ವರ್ಷ ಸ್ಟೆಂಟ್ ಹಾಕಿದರು. ಆಗ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 158 ಇತ್ತು. ದಿನಾ ಒಂದು ಅಟೋರ್ವಾಸ್ಟಾಟಿನ್ ಮಾತ್ರೆ ತಗೊಂಡು ಈಗ 64ಕ್ಕೆ ಬಂದಿದೆ. ‘ಇಳೀತಲ್ಲ, ಇನ್ಯಾಕೆ’ ಅಂತ ಹದಿನೈದು ದಿನದಿಂದ ನಿಲ್ಲಿಸಿದ್ದಾರೆ. ಕಾಲು ನೋವೂ ಅದರಿಂದಲೇ ಅಂತಾರೆ. ಏನು ಮಾಡಲಿ?”

ಸಂಪಾದಕರ ಉತ್ತರ:

ಇವತ್ತೇ ಅವರ ಹೃದಯದ ಡಾಕ್ಟರಿಗೆ ಫೋನ್ ಮಾಡಿ. ಉಳಿದದ್ದನ್ನು ಆಮೇಲೆ ಓದಿ.

ಆ 64 ಬಂದದ್ದೇ ಮಾತ್ರೆಯಿಂದ. ಎಣ್ಣೆ, ಕರಿದದ್ದು ಬಿಟ್ಟರೆ ಒಳ್ಳೆಯದೇ, ಆದರೆ ಪಥ್ಯ ಒಂದರಿಂದಲೇ ಇಷ್ಟು ಇಳಿಯುವುದು ಕಷ್ಟ. ಯಾಕೆಂದರೆ ಕೊಲೆಸ್ಟ್ರಾಲ್‌ನ ಹೆಚ್ಚಿನ ಪಾಲನ್ನು ನಮ್ಮ ದೇಹವೇ ತಯಾರಿಸುತ್ತದೆ. ಲಿವರ್‌ನಲ್ಲಿ ನಡೆಯುವ ಆ ತಯಾರಿಕೆಯನ್ನು ಸ್ಟಾಟಿನ್ (ಅಟೋರ್ವಾಸ್ಟಾಟಿನ್ ಈ ಗುಂಪಿನದೇ ಮಾತ್ರೆ) ತಗ್ಗಿಸುತ್ತದೆ. ಆಗ ಲಿವರ್ ತನಗೆ ಬೇಕಾದ್ದನ್ನು ರಕ್ತದಿಂದ ಎಳೆದುಕೊಳ್ಳುತ್ತದೆ, ಎಲ್‌ಡಿಎಲ್ ಇಳಿಯುತ್ತದೆ. ಮಾತ್ರೆ ಬಿಟ್ಟರೆ ಕೆಲವೇ ವಾರಗಳಲ್ಲಿ ಮತ್ತೆ ಏರುತ್ತದೆ. ಏರಿದ್ದು ಮೈಗೆ ಗೊತ್ತೇ ಆಗುವುದಿಲ್ಲ, ಅದೇ ಭಯ.

ನನ್ನ ಚಿಕ್ಕಪ್ಪನೂ ಹೀಗೇ ಬಿಟ್ಟಿದ್ದರು. ಎರಡನೇ ಸಲ ಹಾರ್ಟ್ ಅಟ್ಯಾಕ್ ಆಗಿ ಆಸ್ಪತ್ರೆ ಸೇರಿದಾಗ ಪಂಚೆ ತರಲು ಮನೆಗೆ ಹೋದೆ. ಬೀರುವಿನಲ್ಲಿ ಪಂಚೆಗಳ ಕೆಳಗೆ ಮೂರು ಸ್ಟ್ರಿಪ್ ಇದ್ದವು. ಒಂದು ಮಾತ್ರೆಯೂ ಒಡೆದಿರಲಿಲ್ಲ. ಚಿಕ್ಕಪ್ಪ ಉಳಿದರು, ಆದರೆ ಆ ಸ್ಟ್ರಿಪ್‌ಗಳು ನನಗಿನ್ನೂ ಕಣ್ಣಿಗೆ ಕಟ್ಟಿದಂತಿವೆ.

ಸ್ಕ್ಯಾಂಡಿನೇವಿಯಾದಲ್ಲಿ 4,444 ಹೃದ್ರೋಗಿಗಳ ಮೇಲೆ ನಡೆದ ಅಧ್ಯಯನ 1994ರಲ್ಲಿ ಪ್ರಕಟವಾಯಿತು. ಸ್ಟಾಟಿನ್ ತಗೊಂಡವರಲ್ಲಿ ಸಾವು ಶೇ. 30ರಷ್ಟು ಕಡಿಮೆ. ನಿಮ್ಮ ತಂದೆಯಂಥವರಿಗೆ ಇದು ಬರೀ ನಂಬರ್ ಇಳಿಸುವ ಮಾತ್ರೆಯಲ್ಲ.

ಇನ್ನು ಕಾಲು ನೋವು. ಅದನ್ನು ಸುಮ್ನೆ ತಳ್ಳಿಹಾಕಬೇಡಿ. ಕೆಲವರಿಗೆ ಸ್ಟಾಟಿನ್‌ನಿಂದ ಸ್ನಾಯು ನೋವು ನಿಜವಾಗಿಯೂ ಬರುತ್ತದೆ. ಆದರೆ ಇಂಥ ತೊಂದರೆಯಿಂದ ಮಾತ್ರೆ ಬಿಟ್ಟಿದ್ದ 60 ಜನರಿಗೆ ಲಂಡನ್ನಿನಲ್ಲಿ ಕೆಲವು ತಿಂಗಳು ಸ್ಟಾಟಿನ್, ಕೆಲವು ತಿಂಗಳು ಔಷಧಿಯೇ ಇಲ್ಲದ ಮಾತ್ರೆ ಕೊಟ್ಟು ನೋಡಿದರು. ಯಾವುದು ಯಾವುದೆಂದು ಅವರಿಗೆ ಹೇಳಿರಲಿಲ್ಲ. ತೊಂದರೆಯ ಶೇ. 90ರಷ್ಟು ಔಷಧಿ ಇಲ್ಲದ ಮಾತ್ರೆಯಲ್ಲೂ ಕಾಣಿಸಿತು. ಹಾಗಾಗಿ ಡಾಕ್ಟರೇ ನೋಡಿ ತೀರ್ಮಾನಿಸಲಿ. ಬೇಕಾದರೆ ಸ್ನಾಯುಗಳಿಗೆ ಹಾನಿಯಾಗಿದೆಯಾ ಅಂತ ನೋಡುವ ಸಿಪಿಕೆ ರಕ್ತಪರೀಕ್ಷೆ ಮಾಡಿಸುತ್ತಾರೆ, ಡೋಸ್ ಇಳಿಸುತ್ತಾರೆ, ಬೇರೆ ಸ್ಟಾಟಿನ್‌ಗೆ ಬದಲಾಯಿಸುತ್ತಾರೆ. ನೋವು ಜಾಸ್ತಿಯಾಗಿ ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಅದು ಅಪರೂಪ.

ಡಾಕ್ಟರ ಹತ್ತಿರ ಹೋಗುವಾಗ ಮಾತ್ರೆ ಬಿಟ್ಟ ದಿನ, ಕಾಲು ನೋವು ಶುರುವಾದ ದಿನ, ತಂದೆಯವರು ತಗೊಳ್ಳುವ ಬೇರೆ ಮಾತ್ರೆಗಳ ಹೆಸರು, ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಮಾತ್ರೆ ಬಿಟ್ಟ ಮೇಲೂ ನೋವು ಹಾಗೇ ಇದೆಯಾ ಅಂತ ಅವರನ್ನೇ ಕೇಳಿ, ಅದನ್ನೂ ಬರೆದುಕೊಳ್ಳಿ.