ಕಮ್ಯೂನಿಟಿ ಕಾಲೇಜಿಗೆ ಎನ್‌ಎಸ್‌ಎಫ್ ಗ್ರಾಂಟ್ ಸಿಗುತ್ತದಾ?

ಅಮೆರಿಕದ ಒಂದು ಸಣ್ಣ ಕಮ್ಯೂನಿಟಿ ಕಾಲೇಜಿನಲ್ಲಿ (ಎರಡು ವರ್ಷದ ಕೋರ್ಸುಗಳ ಸ್ಥಳೀಯ ಕಾಲೇಜು) ಎಲೆಕ್ಟ್ರಾನಿಕ್ಸ್ ಕಲಿಸುತ್ತೇನೆ, ಲ್ಯಾಬಿಗೆ ರೋಬೋಟ್ ಬೇಕು, ಆದರೆ ಎನ್‌ಎಸ್‌ಎಫ್ (ಅಮೆರಿಕ ಸರ್ಕಾರದ ನ್ಯಾಷನಲ್ ಸೈನ್ಸ್ ಫೌಂಡೇಷನ್) ದುಡ್ಡೆಲ್ಲ ದೊಡ್ಡ ಯೂನಿವರ್ಸಿಟಿಗಳಿಗೇ ಅಲ್ವಾ ಎಂದು ಕೇಳಿದ್ದೀರಿ.

ಹಾಗೇನಿಲ್ಲ. ನಾನೂ ಅಂಥದೇ ಕಾಲೇಜಿನಲ್ಲಿ ಪಾಠ ಮಾಡುವವನು. ನಮ್ಮಂಥವರಿಗೆಂದೇ 'ಅಡ್ವಾನ್ಸ್ಡ್ ಟೆಕ್ನಲಾಜಿಕಲ್ ಎಜುಕೇಷನ್' ಎಂಬ ಯೋಜನೆ ಇದೆ. ಎಲ್ಲರೂ ಎಟಿಇ ಅಂತಾರೆ. 1992ರಲ್ಲಿ ಅಮೆರಿಕದ ಕಾಂಗ್ರೆಸ್ ಕಾನೂನು ಮಾಡಿ ಟೆಕ್ನಿಷಿಯನ್ ಶಿಕ್ಷಣದ ಈ ಕೆಲಸವನ್ನು ಎನ್‌ಎಸ್‌ಎಫ್‌ಗೆ ವಹಿಸಿತು. ಯೂನಿವರ್ಸಿಟಿಯವರು ಜೊತೆಗೆ ಬರಬಹುದು, ಆದರೆ ಎರಡು ವರ್ಷದ ಕಾಲೇಜಿನ ಮೇಷ್ಟ್ರುಗಳಿಗೆ ನಾಯಕತ್ವದಲ್ಲಿ ದೊಡ್ಡ ಪಾಲು ಇರಲೇಬೇಕು. ಎಟಿಇ ಗ್ರಾಂಟಿಗೆ ಹೊಸಬರಾದ ಕಾಲೇಜುಗಳಿಗೆ ಬೇರೆಯೇ ದಾರಿ ಇದೆ. ಅರ್ಜಿ ಕರೆಯುವ 2021ರ ಪ್ರಕಟಣೆಯಲ್ಲಿ ಅದರ ಮಿತಿ ಮೂರು ವರ್ಷಕ್ಕೆ 3,50,000 ಡಾಲರ್ ಇತ್ತು. ಮೊತ್ತ ಆಗಾಗ ಬದಲಾಗುತ್ತದೆ, ಚಾಲ್ತಿಯಲ್ಲಿರುವ ಪ್ರಕಟಣೆ ನೋಡಿಕೊಂಡೇ ಬಜೆಟ್ ಹಾಕಿ.

ಆದರೆ ದಯವಿಟ್ಟು ರೋಬೋಟಿನಿಂದ ಶುರು ಮಾಡಬೇಡಿ. ಇದು ಸಾಮಾನು ಕೊಳ್ಳುವ ಗ್ರಾಂಟ್ ಅಲ್ಲ. ನಿಮ್ಮೂರಿನ ಸುತ್ತ ಯಾವ ಕೆಲಸಕ್ಕೆ ಜನ ಸಿಗುತ್ತಿಲ್ಲ, ಆ ಕೆಲಸಕ್ಕೆ ಯಾವ ಕೌಶಲ ಬೇಕು, ಈಗಿನ ಕೋರ್ಸಿನಲ್ಲಿ ಯಾವುದು ಇಲ್ಲ ಎಂಬುದು ಮೊದಲು. ರೋಬೋಟ್ ಆಮೇಲೆ ತಾನಾಗಿ ಬಜೆಟ್ಟಿಗೆ ಬರುತ್ತದೆ.

ಅರ್ಜಿಗಳನ್ನು ಪರಿಶೀಲಿಸುವ ಪ್ಯಾನೆಲ್‌ನಲ್ಲಿ ನಾನೂ ಕೂತಿದ್ದೇನೆ. ಅಲ್ಲಿ ನನ್ನ ಕಣ್ಣು ಮೊದಲು ಹೋಗುವುದು ಕಂಪನಿಗಳ ಪತ್ರದ ಮೇಲೆ. 'ಈ ಉತ್ತಮ ಪ್ರಯತ್ನಕ್ಕೆ ನಮ್ಮ ಪೂರ್ಣ ಬೆಂಬಲವಿದೆ' ಎಂಬ ಪತ್ರ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಐದು ಕಂಪನಿಗಳ ಪತ್ರದಲ್ಲೂ ಅದೇ ಸಾಲುಗಳಿದ್ದರೆ ಮೇಷ್ಟ್ರೇ ಬರೆದು ಸಹಿ ಹಾಕಿಸಿದ್ದಾರೆ ಎಂದು ಗೊತ್ತಾಗಿಬಿಡುತ್ತದೆ. ಅದರ ಬದಲು 'ನಮ್ಮ ಮೆಂಟೆನೆನ್ಸ್ ಸೂಪರ್‌ವೈಸರ್ ಪ್ರತಿ ಸೆಮಿಸ್ಟರ್ ಬಂದು ಸಿಲಬಸ್ ನೋಡುತ್ತಾರೆ, ಬೇಸಿಗೆಯಲ್ಲಿ ನಾಲ್ಕು ಹುಡುಗರನ್ನು ಸಂಬಳ ಕೊಟ್ಟು ಇಂಟರ್ನ್ ಮಾಡಿಕೊಳ್ಳುತ್ತೇವೆ' ಎಂದು ಒಬ್ಬ ಪ್ಲಾಂಟ್ ಮ್ಯಾನೇಜರ್ ಬರೆದುಕೊಟ್ಟರೆ ಸಾಕು, ಅದಕ್ಕೆ ತೂಕ ಜಾಸ್ತಿ.

ಬಜೆಟ್ಟಿನಲ್ಲಿ ನಿಮ್ಮ ಸಮಯವನ್ನು ಮರೆಯಬೇಡಿ. ಸೆಮಿಸ್ಟರಿಗೆ ಐದು ಕ್ಲಾಸ್ ತೆಗೆದುಕೊಳ್ಳುತ್ತಾ ಹೊಸ ಕೋರ್ಸ್ ಕಟ್ಟುವುದು ಆಗದ ಮಾತು. ಒಂದು ಕ್ಲಾಸಿನಿಂದ ಬಿಡುಗಡೆ ಸಿಗುವಂತೆ ದುಡ್ಡು ಇಡಿ, ಡೀನ್ ಹತ್ರ ಮೊದಲೇ ಮಾತಾಡಿ. ಕೆಲಸ ಹೇಗಾಯಿತು ಎಂದು ಅಳೆಯಲು ಹೊರಗಿನ ಇವ್ಯಾಲ್ಯುಯೇಟರ್ ಇರಲಿ. ಅದರ ಬಗ್ಗೆ ವೆಸ್ಟರ್ನ್ ಮಿಷಿಗನ್ ಯೂನಿವರ್ಸಿಟಿಯ 'ಇವ್ಯಾಲ್ಯುಎಟಿಇ' ತಂಡದ ಸಾಮಗ್ರಿ ಉಚಿತವಾಗಿ ಸಿಗುತ್ತದೆ.

ಅರ್ಜಿ ಬರೆದು ಅಭ್ಯಾಸವಿಲ್ಲದಿದ್ದರೆ 'ಮೆಂಟರ್-ಕನೆಕ್ಟ್' ಬಗ್ಗೆ ವಿಚಾರಿಸಿ. ಸೌತ್ ಕ್ಯಾರೊಲಿನಾದ ಫ್ಲಾರೆನ್ಸ್-ಡಾರ್ಲಿಂಗ್ಟನ್ ಟೆಕ್ನಿಕಲ್ ಕಾಲೇಜಿನಲ್ಲಿ ಹುಟ್ಟಿದ್ದು ಅದು. ಮೊದಲೇ ಗ್ರಾಂಟ್ ನಡೆಸಿದ ಮೇಷ್ಟ್ರುಗಳು ಹೊಸಬರ ಕೈ ಹಿಡಿದು ಬರೆಸುತ್ತಾರೆ. ನನ್ನ ಪ್ರಕಾರ ದುಡ್ಡು ತಗೊಳ್ಳುವ ಕನ್ಸಲ್ಟೆಂಟ್‌ಗಿಂತ ಇವರೇ ವಾಸಿ.

ಕೊನೆ ತಾರೀಕು ಸಾಮಾನ್ಯವಾಗಿ ಅಕ್ಟೋಬರ್‌ನಲ್ಲಿ ಬರುತ್ತದೆ. ಕಾಲೇಜು ಹಿಂದೆಂದೂ ಫೆಡರಲ್ (ಕೇಂದ್ರ ಸರ್ಕಾರದ) ಗ್ರಾಂಟ್ ತೆಗೆದುಕೊಂಡಿಲ್ಲ ಅಂದರೆ ಸರ್ಕಾರದ ಹತ್ರ ಕಾಲೇಜಿನ ರಿಜಿಸ್ಟ್ರೇಷನ್‌ಗೇ ವಾರಗಟ್ಟಲೆ ಹಿಡಿಯುತ್ತದೆ, ಅದನ್ನು ಈಗಲೇ ಶುರು ಮಾಡಿಸಿ. ಐಡಿಯಾವನ್ನು ಒಂದೇ ಪುಟದಲ್ಲಿ ಬರೆದು ಎಟಿಇ ನೋಡಿಕೊಳ್ಳುವ ಎನ್‌ಎಸ್‌ಎಫ್ ಪ್ರೋಗ್ರಾಂ ಆಫೀಸರ್‌ಗೆ ಮೇಲ್ ಮಾಡಿ, ಸಂಕೋಚ ಬೇಡ. ಯಾವ ಕಂಪನಿಗಳ ಜೊತೆ ಮಾತಾಡಿದ್ದೀರಿ ಎಂದು ಕೇಳಿಯೇ ಕೇಳುತ್ತಾರೆ, ಅಷ್ಟರೊಳಗೆ ಒಂದೆರಡು ಫ್ಯಾಕ್ಟರಿಗೆ ಹೋಗಿ ಬಂದಿರಿ.