ಯುದ್ಧದ ಹೊತ್ತಲ್ಲಿ ಪ್ರಶ್ನೆ ಕೇಳಿದರೆ ದೇಶದ್ರೋಹವಾ?

ಪ್ರಶ್ನೆ: ನಮ್ಮ ಊರು ಅರಸೀಕೆರೆ ಹತ್ತಿರ. ನಮ್ಮ ಭಾವ ಸೈನ್ಯದಲ್ಲಿದ್ದಾರೆ. 2025ರ ಮೇ ತಿಂಗಳಲ್ಲಿ ಆಪರೇಷನ್ ಸಿಂಧೂರ ನಡೆಯುತ್ತಿದ್ದಾಗ ‘ಪಹಲ್ಗಾಮ್‌ನಲ್ಲಿ ಭದ್ರತೆ ಯಾಕಿರಲಿಲ್ಲ? ಯುದ್ಧ ಬೇಗ ನಿಲ್ಲಲಿ’ ಅಂತ ವಾಟ್ಸ್ಆ್ಯಪ್ ಸ್ಟೇಟಸ್ ಹಾಕಿದ್ದೆ. ಊರಿನ ಗ್ರೂಪಿನಿಂದ ತೆಗೆದುಹಾಕಿದರು. ದೇಶದ್ರೋಹಿ ಅಂದರು. ಕಂಪ್ಲೇಂಟ್ ಕೊಡುತ್ತೇವೆ ಅಂತ ಈಗಲೂ ಹೆದರಿಸುತ್ತಾರೆ. ಅದೇ ಗ್ರೂಪಲ್ಲಿ ಒಬ್ಬರು ಸ್ಟೇಷನ್ನಿನಲ್ಲಿ ನಿಂತು ಮಿಲಿಟರಿ ರೈಲಿನ ವಿಡಿಯೊ ಹಾಕಿದಾಗ ಎಲ್ಲರೂ ಜೈ ಅಂದರು. ನನ್ನದು ತಪ್ಪಾ?
– ಒಬ್ಬ ಓದುಗ, ಹಾಸನ ಜಿಲ್ಲೆ

ಉತ್ತರ: ತಪ್ಪಲ್ಲ. ಆ ಗ್ರೂಪಲ್ಲಿ ಯಾರಾದರೂ ಹುಷಾರಾಗಿರಬೇಕಿದ್ದರೆ ಅದು ರೈಲಿನ ವಿಡಿಯೊ ಹಾಕಿದವರು. ಸೈನ್ಯ ಎಲ್ಲಿಂದ ಎಲ್ಲಿಗೆ ಹೋಗುತ್ತಿದೆ, ಯಾವ ವ್ಯಾಗನ್ ಮೇಲೆ ಏನಿದೆ ಅನ್ನುವುದು ಶತ್ರುವಿಗೆ ಬೇಕಾದ ಮಾಹಿತಿ. ಸೇನೆಯ ಓಡಾಟವನ್ನು ಲೈವ್ ತೋರಿಸಬೇಡಿ ಎಂದು ಕೇಂದ್ರ ವಾರ್ತಾ ಸಚಿವಾಲಯ 2025ರ ಏಪ್ರಿಲ್ 26ರಂದೇ ಸೂಚನೆ ಕೊಟ್ಟಿತ್ತು. ಅದು ಬರೀ ಟಿವಿಯವರಿಗಲ್ಲ, ಸೋಷಿಯಲ್ ಮೀಡಿಯಾ ಬಳಸುವವರಿಗೂ ಹೇಳಿದ್ದು. ಅವರಿಗೆ ಕೆಟ್ಟ ಉದ್ದೇಶ ಇರಲಿಲ್ಲ, ಸರಿ. ಆದರೆ ಜೈ ಅಂದುಬಿಟ್ಟರೆ ಮಾಹಿತಿ ಗುಟ್ಟಾಗಿ ಉಳಿಯುತ್ತಾ?

ನಿಮ್ಮ ಸ್ಟೇಟಸ್ ಸರ್ಕಾರದ ತೀರ್ಮಾನದ ಬಗ್ಗೆ. ಭದ್ರತೆಯ ಪ್ರಶ್ನೆಯನ್ನು ಅದೇ ವರ್ಷದ ಜುಲೈ ಕೊನೆಯಲ್ಲಿ ಸಂಸತ್ತಿನಲ್ಲೂ ಎತ್ತಿದರು. ‘ಯುದ್ಧ ಮುಗಿದ ಮೇಲೆ ಕೇಳಿದ್ದು ಅಲ್ವಾ’ ಅನ್ನುವವರಿಗೆ 1962 ನೆನಪಿಸಿ. ಚೀನಾ ಅಕ್ಟೋಬರ್ 20ರಂದು ದಾಳಿ ಮಾಡಿತು. ಅಧಿವೇಶನ ಕರೆಯಿರಿ ಅಂತ ಪಟ್ಟು ಹಿಡಿದವರಲ್ಲಿ ಯುವಕ ವಾಜಪೇಯಿ ಒಬ್ಬರು. ನವೆಂಬರ್ 8ಕ್ಕೆ ಸಂಸತ್ತು ಸೇರಿತು. ಗುಟ್ಟಾಗಿ ಚರ್ಚಿಸೋಣ ಅನ್ನುವ ಸಲಹೆಯನ್ನು ನೆಹರೂ ಒಪ್ಪಲಿಲ್ಲ. ಯುದ್ಧ ಇನ್ನೂ ಮುಗಿಯದಿರುವಾಗಲೇ ಸದಸ್ಯರು ಸರ್ಕಾರವನ್ನು ಬಹಿರಂಗವಾಗಿ ತರಾಟೆಗೆ ತೆಗೆದುಕೊಂಡರು. ಅದಕ್ಕೂ ಮೊದಲೇ, ಸ್ವಂತ ಪಕ್ಷದವರ ಸಿಟ್ಟಿಗೆ, ಯುದ್ಧ ಶುರುವಾದಾಗ ರಕ್ಷಣಾ ಸಚಿವರಾಗಿದ್ದ ಕೃಷ್ಣ ಮೆನನ್ ಸಂಪುಟ ಬಿಟ್ಟಿದ್ದರು. ಹಾಗಂತ ಆ ಕಾಲ ಎಲ್ಲರಿಗೂ ಉದಾರವಾಗಿರಲಿಲ್ಲ. ಅದೇ ನವೆಂಬರಿನಲ್ಲಿ ನೂರಾರು ಕಮ್ಯುನಿಸ್ಟರನ್ನು ವಿಚಾರಣೆ ಇಲ್ಲದೆ ಜೈಲಿಗೆ ಹಾಕಿದರು.

ಹಾಗೆ ಜೈಲಿಗೆ ಹಾಕಲು ಆಗಿದ್ದು ತುರ್ತು ಪರಿಸ್ಥಿತಿ ಘೋಷಣೆಯಾಗಿದ್ದರಿಂದ. ಯುದ್ಧದ ಕಾರಣಕ್ಕೆ ಅದು ಜಾರಿಯಾದರೆ ಸಂವಿಧಾನದ 19ನೇ ವಿಧಿಯ ವಾಕ್ ಸ್ವಾತಂತ್ರ್ಯದ ರಕ್ಷಣೆ ತಾತ್ಕಾಲಿಕವಾಗಿ ಹೋಗುತ್ತದೆ. 1971ರಲ್ಲೂ ಘೋಷಿಸಿದ್ದರು. ಕಾರ್ಗಿಲ್ ವೇಳೆ ಇಲ್ಲ, 2025ರಲ್ಲೂ ಇಲ್ಲ. ಹಾಗಾಗಿ ನೀವು ಬರೆದ ದಿನ ನಿಮ್ಮ ಹಕ್ಕು ಪೂರ್ತಿ ಇತ್ತು.

ಇನ್ನು ಕೇಸಿನ ಭಯ. ಹಳೆಯ ರಾಜದ್ರೋಹದ ಕಲಂ ಹೋಗಿ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 152 ಬಂದಿದೆ. ಪ್ರತ್ಯೇಕತೆಗೆ, ಸಶಸ್ತ್ರ ದಂಗೆಗೆ ಎತ್ತಿಕಟ್ಟುವುದು, ದೇಶದ ಏಕತೆಗೆ ಅಪಾಯ ತರುವುದು ಅಲ್ಲಿ ಅಪರಾಧ. ಸರ್ಕಾರದ ಕ್ರಮಗಳನ್ನು ಕಾನೂನಿನ ದಾರಿಯಲ್ಲಿ ಬದಲಾಯಿಸಲು ಟೀಕಿಸಿದರೆ ಅದು ಈ ಅಪರಾಧವಲ್ಲ ಎಂದು ಅದರ ವಿವರಣೆಯಲ್ಲೇ ಇದೆ. ಸುಪ್ರೀಂ ಕೋರ್ಟ್ 1962ರ ಕೇದಾರನಾಥ್ ಪ್ರಕರಣದಲ್ಲೂ, ಹಿಂಸೆಗೆ ಪ್ರಚೋದಿಸದ ಟೀಕೆ ರಾಜದ್ರೋಹವಲ್ಲ ಅಂದಿತ್ತು. ಆದರೆ ಒಂದು ಕಹಿ ಮಾತು: 152 ಜಾಮೀನುರಹಿತ. ಕೊನೆಗೆ ಗೆದ್ದರೂ ಅಷ್ಟರಲ್ಲಿ ಅಲೆದಾಟ ತಪ್ಪುವುದಿಲ್ಲ. ಈ ಭಯವೇ ಎಷ್ಟೋ ಜನರ ಬಾಯಿ ಮುಚ್ಚಿಸಿದೆ. ಅದು ಸರಿ ಅಂತ ನನಗೆ ಅನಿಸುವುದಿಲ್ಲ.

ಶ್ರವಣಬೆಳಗೊಳ ನಿಮ್ಮ ಜಿಲ್ಲೆಯದ್ದೇ. ಭರತ-ಬಾಹುಬಲಿಯ ಸೈನ್ಯಗಳು ಎದುರುಬದುರು ನಿಂತಾಗ, ನಿಮ್ಮಿಬ್ಬರ ಜಗಳಕ್ಕೆ ಇಷ್ಟು ಜನ ಯಾಕೆ ಸಾಯಬೇಕು ಅಂದವರು ಮಂತ್ರಿಗಳು. ಅವರನ್ನು ಯಾರೂ ದ್ರೋಹಿಗಳು ಅನ್ನಲಿಲ್ಲ. ನಿಮ್ಮ ಭಾವನೂ ನಿಮ್ಮ ಸ್ಟೇಟಸ್ ನೋಡಿ ಬೇಸರ ಮಾಡಿಕೊಂಡಿರಲಾರರು ಅಂದುಕೊಳ್ಳುತ್ತೇನೆ. ಒಮ್ಮೆ ಕೇಳಿ ನೋಡಿ.

ಗ್ರೂಪಿನವರ ಜೊತೆ ಜಗಳಕ್ಕೆ ಇಳಿಯಬೇಡಿ. ಸ್ಟೇಟಸ್ಸಿನ ಫೋಟೊ, ಬೆದರಿಕೆಯ ಮೆಸೇಜು ತಾರೀಖಿನ ಸಮೇತ ಎತ್ತಿಟ್ಟುಕೊಳ್ಳಿ. ಸ್ಟೇಷನ್ನಿನಿಂದ ಕರೆ ಬಂದರೆ ವಕೀಲರ ಜೊತೆ ಹೋಗಿ. ಫೀಸು ಕಷ್ಟವಾದರೆ ಹಾಸನದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಿ. ನೀವು ಸರ್ಕಾರಿ ನೌಕರರಾಗಿದ್ದರೆ ಮಾತ್ರ ಇನ್ನೊಮ್ಮೆ ಬರೆಯಿರಿ. ನಡತೆ ನಿಯಮಗಳ ಲೆಕ್ಕವೇ ಬೇರೆ.